ಆ ರಾಜಾ ಯಾಕ ಸುಳ್ಳ ಹೇಳಿದ?

ಮೊನ್ನೆ ದ್ರಾಕ್ಷಿ ತೋಟದಾಂವ ಒಬ್ಬ ನನ್ನ ಅಂಗಡಿಗಿ ಬಂದು, “ಹಳೇ ಸಿಡಿ ಅದಾವೇನ್ರಿ?” ಅಂತ ಕೇಳಿದ. ನನ್ನ ಎದಿ ಒಮ್ಮೆಲೆ ಅರಳಿತು ನೋಡ್ರಿ. ಟಿಕೋಟಾ ಬಸ್ ಸ್ಟ್ಯಾಂಡ್ ಎದರಿನ ಈ ಅಂಗಡಿ ಈಗ ಝೆರಾಕ್ಸ್, ಪಾಸ್‌ಪೋರ್ಟ್ ಫೋಟೋ, ರೀಚಾರ್ಜ್ ಮಾಡೂ ಡಬ್ಬಿ ಆಗೇತಿ. ಒಂದ ಕಾಲಕ್ಕ ಇದು ಸಿಡಿ ಬಾಡಿಗಿ ಕೊಡೂ ಅಂಗಡಿ. ಹಳೇ ಗಿರಾಕಿ ಇರಬೇಕು, ಸಿನಿಮಾದ ಹುಚ್ಚ ಇನ್ನೂ ಬಿಟ್ಟಿಲ್ಲ ಅಂತ ತಿಳಕೊಂಡು, “ಯಾವ ಸಿನಿಮಾ ಬೇಕ್ರಿ?” ಅಂದೆ.

“ಯಾವ್ದಿದ್ರೂ ನಡೀತೈತ್ರಿ. ಹಕ್ಕಿ ಬೆದರ್ಸಾಕ ಬೇಕಾಗ್ಯಾವ.”

ಸಿಡಿಗಿ ದಾರ ಕಟ್ಟಿ ದ್ರಾಕ್ಷಿ ಗೊನಿ ನಡುವ ತೂಗಬಿಟ್ರ ಬಿಸಲಿಗಿ ಹೊಳದು ಹಕ್ಕಿ ಓಡ್ತಾವಂತ. ನನ್ನ ಹನ್ನೆರಡು ವರ್ಷದ ವ್ಯಾಪಾರ ಕಡೀಕ ಗುಬ್ಬಿ ಹೊಡಿಯೂ ಕೆಲಸಕ್ಕ ಬಂತು. ಸಿಟ್ಟಿನಾಗ ಅಟ್ಟದ ಮ್ಯಾಲಿಂದು ಒಂದು ಚೀಲಾ ಇಳಿಸಿ, ಹೀರೋ ಹೀರೋಯಿನ್ ಎಲ್ಲಾರನೂ ಅವನ ಕೈಯಾಗ ಕೊಟ್ಟೆ. ತಳದಾಗ ಇದ್ದ ಕಾರ್ಟೂನ್ ಸಿನಿಮಾಗೋಳು ಮಾತ್ರ ಕೊಡ್ಲಿಲ್ಲ. ಯಾಕ ಅಂತ ಅಂವ ಕೇಳ್ಲಿಲ್ಲ, ನಾ ಹೇಳ್ಲಿಲ್ಲ. ನೀವೂ ಕೇಳಿಲ್ಲ. ಆದ್ರ ನಿಮಗ ಹೇಳ್ತೇನಿ, ಯಾರಿಗರೆ ಹೇಳದಿದ್ರ ನನಗ ಸಮಾಧಾನ ಇಲ್ಲ.

ಮೊದಲ ಒಂದ ಮಾತು. ಈಗಿನ ಕಾರ್ಟೂನ್ ಸಿನಿಮಾ ನೋಡೀರೇನು? ಆ ರಾಜಾ ರಾಣಿ, ಮಾಟಗಾರತಿ ಇರೂ ಅಂಥಾವು? ನೋಡಬ್ಯಾಡ್ರಿ, ತಲಿ ಚಿಟ್ಟ ಹಿಡೀತೈತಿ. ನಮ್ಮ ಕಾಲಕ್ಕ ರಾಕ್ಷಸ ಅಂದ್ರ ರಾಕ್ಷಸ. ಮುಂಜಾನೆದ್ದು ರಾಜಕುಮಾರಿನ ಹೊತಗೊಂಡ ಹೋಗೂದು ಅವನ ಉದ್ಯೋಗ. ಈಗಿನ ರಾಕ್ಷಸಗ ಹಂಗಲ್ಲ. ಅವಂಗ ಸಣ್ಣಾಂವಿದ್ದಾಗ ಯಾರೋ ಏನೋ ಅಂದಿರ್ತಾರ, ಅದು ಅವನ ಮನಸ್ಸಿಗಿ ಹತ್ತಿರ್ತೈತಿ, ಅದಕ್ಕ ದೊಡ್ಡಾಂವಾಗಿ ಊರು ಸುಡ್ತಾನ. ನಾವು ಕುಂತ ಅಳಬೇಕು. ಯಾರ ಸಲುವಾಗಿ? ಮನಿ ಸುಟ್ಟುಹೋದವ್ರ ಸಲುವಾಗಿ ಅಲ್ರೀ, ಸುಟ್ಟಾಂವನ ಸಲುವಾಗಿ! ಇನ್ನ ಮೊದಲಿಂದ ಹಾಡ ಹಾಡಕೋತ, ಅಳಿಲಿಗಿ ಕಾಳ ಹಾಕ್ಕೋತ ಬಂದ ಒಳ್ಳೇ ಮನಶ್ಯಾ ಇರ್ತಾನಲ್ಲ, ಅಂವನೇ ಕಳ್ಳ ಅಂತ ಕಡೇ ಕಾಲ ತಾಸಿನಾಗ ಗೊತ್ತಾಗ್ತೈತಿ. ಅಲ್ಲೀತನಕ ನಾವು ಅವನ ಮ್ಯಾಲ ಇಟ್ಟ ನಂಬಿಗಿ ಯಾರು ತಿರುಗಿ ಕೊಡಬೇಕು?

ಕನಮಡಿ ಊರಾಗ ನಮ್ಮ ಅಮ್ಮ ಇದ್ಳು, ಅವ್ವನ ಅವ್ವ. ಒಲಿ ಮುಂದ ರೊಟ್ಟಿ ಬಡೀಕೋತ ಕಥಿ ಹೇಳಾಕಿ. ಒಮ್ಮೆ ನಾ ಕೇಳಿದೆ, “ಅಮ್ಮ, ರಾಕ್ಷಸ ಅಕಿನ್ನ ಯಾಕ ಒಯ್ದ?” ಅಮ್ಮ ಹಿಟ್ಟಿನ ಕೈಯಿಂದ ನನ್ನ ಮೂಗ ಹಿಂಡಿ, “ರಾಕ್ಷಸ ಅದಾನ, ಒಯ್ದಾನ. ನೀ ಮನಶ್ಯಾ ಅದಿ, ರೊಟ್ಟಿ ತಿನ್ನು,” ಅಂದ್ಳು. ಮುಗೀತು. ಅಷ್ಟರಾಗ ನನಗ ನಿದ್ದಿ ಬಂತು, ಹೊಟ್ಟೀನೂ ತುಂಬಿತು. ಯಾರಿಗೂ ಏನೂ ತಾಪತ್ರಯ ಆಗ್ಲಿಲ್ಲ.

ಈ ಸುಖಕ್ಕ ಬೆಂಕಿ ಹಚ್ಚಿದಾಕಿ ನನ್ನ ಸೋದರಸೊಸಿ ಅಶ್ವಿನಿ. ನಮ್ಮ ಅಕ್ಕನ ಒಬ್ಬಾಕೇ ಮಗಳು. ಅಕ್ಕನ ಮನಿ ವಿಜಯಪುರದಾಗ, ಜಲನಗರದಾಗ. ಅಕ್ಕನ ಗಂಡ ಸರಕಾರಿ ನೌಕರದಾಂವ, ಭಾಳ ಛಲೋ ಮನಶ್ಯಾ, ಮಾತು ಕಡಿಮಿ. ಇಪ್ಪತ್ತೆಂಟು ವರ್ಷದಾಗ ನನ್ನ ಕೂಡ ಆಡಿದ ಮಾತೆಲ್ಲಾ ಸೇರ್ಸಿದ್ರ ಒಂದು ಇನ್‌ಲ್ಯಾಂಡ್ ಪತ್ರ ತುಂಬಂಗಿಲ್ಲ. ಹಿಂಗಾಗಿ ಆ ಮನ್ಯಾಗ ಗಂಡಸರು ಆಡೂ ಮಾತೆಲ್ಲಾ ನಾನ ಆಡಬೇಕಾಗ್ತಿತ್ತು, ಆಡೂದರಾಗ ನಾ ಹಿಂದ ಬಿದ್ದಾಂವ ಅಲ್ಲ.

ಅಶ್ವಿನಿಗಿ ಸಣ್ಣಾಕಿದ್ದಾಗ ಫಿಟ್ಸ್ ಬರ್ತಿದ್ವು. ನಮ್ಮ ಕಡಿ ಮೂರ್ಛಿ ಅಂತೀವಿ. ಆಡ್ಕೋತ ಆಡ್ಕೋತ ಬಿದ್ದಬಿಡಾಕಿ, ಕೈಕಾಲು ಸೆಟದು, ಬಾಯಾಗ ನೊರಿ. ನಮಗ ಆಗ ತಿಳಿದಿದ್ದು ಒಂದ ಔಷಧ, ಕೈಯಾಗ ಕಬ್ಬಿಣ ಕೊಡೂದು. ನಾ ಅಂಗಡಿ ಶಟರಿನ ಕೀಲಿಕೈ ಗೊಂಚಲ ಅಕಿ ಮುಷ್ಟ್ಯಾಗ ಒತ್ತಿ ಹಿಡಿಯಾಂವ. ಇದರಿಂದ ಏನೂ ಆಗಂಗಿಲ್ಲ, ಮಗ್ಗಲಾಗಿ ಮಲಗಸ್ರಿ, ಸುತ್ತ ಗದ್ದಲ ಮಾಡಬ್ಯಾಡ್ರಿ ಅಂತ ಡಾಕ್ಟರು ಬೈದ ಮ್ಯಾಲ ಬಿಟ್ಟೆ. ಗುಳಗಿ ಶುರು ಆದ್ವು. ಸಾಲ್ಯಾಗ ಹುಡುಗರು ಅಕಿನ್ನ ಆಟಕ್ಕ ಕರೀತಿದ್ದಿಲ್ಲ. ಅಕ್ಕ ಅಂಗಳಾ ದಾಟಾಕ ಬಿಡ್ತಿದ್ದಿಲ್ಲ. ಆ ಹುಡುಗಿ ದಿನಾ ಕಿಡಕಿ ಸರಳು ಹಿಡಕೊಂಡು ಓಣಿ ನೋಡ್ಕೋತ ನಿಂದರಾಕಿ.

ಆಗಿಂದ ನಾ ಪ್ರತಿ ಐತವಾರ ಅಂಗಡಿ ಮುಚ್ಚಿ, ಚೀಲದಾಗ ನಾಕು ಕಾರ್ಟೂನ್ ಸಿಡಿ ಹಾಕ್ಕೊಂಡು ಬಸ್ ಹತ್ತಿ ಜಲನಗರಕ್ಕ ಹೋಗಾಕ ಶುರು ಮಾಡಿದೆ. ಊರಾಗ ಮಂದಿ, “ಎಂಥಾ ಸೋದರಮಾವ ನೋಡ್ರಿ, ಸೊಸಿ ಮ್ಯಾಲ ಎಷ್ಟು ಜೀವ!” ಅಂತಿದ್ರು. ನಾ ಬ್ಯಾಡ ಅಂತಿದ್ದಿಲ್ಲ.

ಅದರಾಗ ಒಂದು ಸಿನಿಮಾ. ಅದರ ಕವರ್ ಹರದು ಹೋಗಿತ್ತು, ಹೆಸರ ಹೇಳು ಅಂದ್ರ ನನಗ ಇವತ್ತಿಗೂ ಬರಂಗಿಲ್ಲ. ಹಿಂದಿ ಮಾತು. ಒಬ್ಬ ರಾಜಾ, ಅವಂಗೊಬ್ಬಾಕಿ ಮಗಳು. ಮೂಡಲ ಗಾಳಿ ಬಿಟ್ಟಾಗೆಲ್ಲಾ ಆ ಹುಡುಗಿ ಒಂದ ಗಳಿಗಿ ಮರ ಆಗಿಬಿಡ್ತಾಳ. ಕಾಲು ಬೇರಾಗ್ತಾವ, ಕೂದಲು ಎಲಿ ಆಗ್ತಾವ, ಗಾಳಿ ನಿಂತ ಮ್ಯಾಲ ಮತ್ತ ಮನಶ್ಯಾಳು. ರಾಜಾ ಏನ ಮಾಡಿದ? ಅರಮನಿ ಕಿಡಕಿ ಎಲ್ಲಾ ಮುಚ್ಚಿಸಿ, “ಅಡವ್ಯಾಗ ಒಬ್ಬಾಕಿ ಮಾಟಗಾರತಿ ಅದಾಳ, ನನ್ನ ಮಗಳನ್ನ ಒಯ್ತಾಳ, ಅದಕ್ಕ ಹೊರಗ ಬಿಡಂಗಿಲ್ಲ,” ಅಂತ ಊರಿಗೆಲ್ಲಾ ಸಾರಿಸಿದ. ಸಿನಿಮಾ ತುಂಬ ನಾವು ಆ ಮಾಟಗಾರತಿಗಿ ಅಂಜಿಕೋತ ಕುಂತಿರ್ತೀವಿ. ಕಡೀಕ ನೋಡಿದ್ರ ಮಾಟಗಾರತೀನ ಇಲ್ಲ! ಅಡವ್ಯಾಗ ಇದ್ದ ಮುದುಕಿ ರಾಜಾನ ಹಡದವ್ವ. ಅಕೀನೂ ಗಾಳಿ ಬಿಟ್ರ ಮರ ಆಗಾಕಿ, ಅದಕ್ಕ ಮಗನೇ ಅಕಿನ್ನ ಯಾರಿಗೂ ಕಾಣದಂಗ ಅಡವಿಗಿ ಅಟ್ಟ್ಯಾನ.

ಈ ಸಿನಿಮಾ ಅಶ್ವಿನಿ ಎಷ್ಟ ಸಲ ನೋಡಿದ್ಳೋ ದೇವರಿಗೇ ಗೊತ್ತು. ನೋಡಿ ಮುಗದ ಮ್ಯಾಲ, ಇಲ್ಲಾ ನಡುವ ಕರೆಂಟ್ ಹೋದಾಗ, ನನ್ನ ಜೀವಾ ತಿನ್ನಾಕಿ.

“ಮಾಮಾ, ರಾಜಾ ಯಾಕ ಸುಳ್ಳ ಹೇಳಿದ?”

“ಮಗಳ ಮ್ಯಾಲ ಜೀವ ಬೇ ಅವಂದು.”

“ಜೀವ ಇದ್ರ ಕಿಡಕಿ ಯಾಕ ಮುಚ್ಚಿದ?”

“ಮಂದಿ ನೋಡಿ ನಗ್ತಾರಂತ. ಮಗಳಿಗಿ ಬ್ಯಾಸರ ಆಗ್ತೈತಿ ಅಂತ.”

“ಮಗಳಿಗಿ ಕೇಳ್ಯಾನೇನು, ಬ್ಯಾಸರ ಆಗ್ತೈತೇನು ಅಂತ?”

“ಅಂವ ರಾಜಾ ಅದಾನ. ಅವಂಗ ಸಾವಿರ ತಾಪತ್ರಯ.”

“ಹಂಗಾದ್ರ ಅವರವ್ವನ್ನ ಯಾಕ ಅಡವಿಗಿ ಅಟ್ಟಿದ? ಅಕಿ ಮ್ಯಾಲೂ ಜೀವ ಏನು?”

ಇಲ್ಲಿಗಿ ಬಂದಾಗ ನಾ ಅಡಗಿಮನಿ ಕಡಿ ಮುಖಾ ಮಾಡಿ, “ಅಕ್ಕಾ, ಚಹಾ ಆತೇನು?” ಅಂತ ಒದರಾಂವ. ಅಶ್ವಿನಿ ಬಿಡಾಕಿ ಅಲ್ಲ. “ಅವಂಗ ನಾಚಿಕಿ, ಮಾಮಾ. ಮಗಳ ಸಲುವಾಗಿ ಅಲ್ಲ, ತನ್ನ ಸಲುವಾಗಿ,” ಅನ್ನಾಕಿ. ನಾ ರಾಜಾನ ವಕೀಲ, ಅಕಿ ಎದರು ವಕೀಲ. ಅಕಿ ಹೈಸ್ಕೂಲಿಗಿ ಹೋದ್ಳು, ವಾದ ನಿಲ್ಲಲಿಲ್ಲ. ಹದಿನಾರನೇ ವರ್ಷಕ್ಕ ಫಿಟ್ಸ್ ನಿಂತ್ವು, ಮುಂದ ಡಾಕ್ಟರು ಗುಳಗೀನೂ ಬಿಡಿಸಿದ್ರು, ವಾದ ಮಾತ್ರ ನಿಲ್ಲಲಿಲ್ಲ. ಓದಿ ಲ್ಯಾಬ್ ಟೆಕ್ನಿಶಿಯನ್ ಆಗಿ ದವಾಖಾನ್ಯಾಗ ಮಂದಿ ರಕ್ತಾ ತಗಿಯಾಕತ್ತ ಮ್ಯಾಲೂ, ಐತವಾರ ನಾ ಹೊಸಲಾ ದಾಟಿದ್ರ ಸಾಕು, “ಬರ್ರಿ ರಾಜಾನ ವಕೀಲ್ರ,” ಅನ್ನಾಕಿ. ನನಗ ರೇಗ್ತಿತ್ತು. ಕಾರ್ಟೂನ್ ರಾಜಾ ರೀ! ಯಾವನೋ ಬರದ ಬೊಂಬಿ. ಅಂವ ಒಳ್ಳ್ಯಾಂವಾದ್ರೇನು, ಕೆಟ್ಟಾಂವಾದ್ರೇನು, ನಮ್ಮ ಮನಿ ಹೊಲಾ ಉಳಾಂವ ಏನು? ಮರ ಆಗೂ ಹುಡುಗಿ, ಮೂರ್ಛಿ ಬರೂ ಹುಡುಗಿ. ಎರಡನ್ನೂ ಎದರ ಬದರ ಇಟ್ಟ ನೋಡೂ ಬುದ್ಧಿ ನನ್ನ ತಲ್ಯಾಗ ಹದಿನಾರು ವರ್ಷ ಹೊಳೀಲಿಲ್ಲ ಅಂದ್ರ ನೀವ ಲೆಕ್ಕಾ ಹಾಕ್ರಿ, ನಾ ಎಂಥಾ ಶಾಣ್ಯಾ ಇರಬೇಕು.

ಇಲ್ಲೆ ಒಂದ ವ್ಯಾಪಾರದ ಮಾತು ಹೇಳಬೇಕು. ಆಗಿನ ಸಿನಿಮಾ ಒಂದ ಸಿಡಿಯಾಗ ಹಿಡೀತಿದ್ದಿಲ್ಲ. ಅರ್ಧಾ ಒಂದನೇ ಡಿಸ್ಕಿನಾಗ, ಅರ್ಧಾ ಎರಡನೇದರಾಗ. ಈ ರಾಜಾನ ಸಿನಿಮಾದ ಎರಡನೇ ಡಿಸ್ಕ್ ಅಶ್ವಿನಿ ತಲಿದಿಂಬಿನ ಬುಡಕ ಇಟ್ಕೊಂಡ್ಳು. ಕೇಳಿದ್ರ ಅಳಾಕಿ. ಇರಲಿ ಬಿಡು ಅಂತ ನಾ ಟಿಕೋಟಾದಾಗ ಒಂದನೇ ಡಿಸ್ಕ್ ಒಂದನ್ನೇ ಬಾಡಿಗಿಗಿ ಕೊಡಾಕ ಶುರು ಮಾಡಿದೆ. ಹುಡುಗರು, “ಕಾಕಾ, ಮುಂದಿಂದು?” ಅಂದ್ರ, “ಅಷ್ಟ ಐತಿ ಸಿನಿಮಾ. ನೀವ ತಿಳಕೋಬೇಕು,” ಅಂತಿದ್ದೆ. ಒಂದನೇ ಡಿಸ್ಕ್ ಮುಗಿಯೂದು ಎಲ್ಲಿ ಅಂದ್ರ, ರಾಜಾ ಕತ್ತಿ ಹಿರಕೊಂಡು ಮಾಟಗಾರತಿನ್ನ ಕೊಲ್ಲಾಕ ಅಡವಿಗಿ ಹೊಂಡ್ತಾನ. ಹಿಂಗಾಗಿ ಒಂದು ಊರಿನ ಹುಡುಗರೆಲ್ಲಾ ಆ ರಾಜಾ ಮಹಾ ಧರ್ಮಾತ್ಮ ಅಂತ ತಿಳಕೊಂಡೇ ಮೀಸಿ ಬಂದು ದೊಡ್ಡವ್ರಾದ್ರು.

ಹೋದ ವರ್ಷ ಅಶ್ವಿನಿಗಿ ಒಂದು ಸಂಬಂಧ ಬಂತು. ಹುಡುಗ ಬಬಲೇಶ್ವರದಾಂವ, ಮಲ್ಲಿಕಾರ್ಜುನ ಅಂತ, ಡ್ರಿಪ್ ಪೈಪಿನ ಅಂಗಡಿ, ಮನಿತನ ಛಲೋ. ಮೊದಲಿನ ಎರಡು ಸಂಬಂಧ ಮುರದಿದ್ವು. ನೆರಿ ಮನ್ಯಾವ್ರು ಯಾರೋ ಹುಡುಗಿಗಿ ಸಣ್ಣಾಕಿದ್ದಾಗ ಹಿಂಗ ಇತ್ತು ಅಂತ ಕಿವಿ ಊದಿದ್ರು. ಅಕ್ಕ ಎದಿ ಒಡಕೊಂಡಿದ್ಳು. ಈ ಸಲ ಹಂಗ ಆಗಬಾರ್ದು ಅಂತ ಹಿಂದಿನ ದಿನ ಅಡಗಿಮನ್ಯಾಗ ಮೀಟಿಂಗ್ ಮಾಡಿದ್ವಿ.

“ಸಾವಿರ ಸುಳ್ಳ ಹೇಳಿ ಒಂದು ಮದುವಿ ಮಾಡು ಅಂತ ಹಿರ್ಯಾರು ಹೇಳ್ಯಾರ,” ಅಂದೆ ನಾ. “ನಾವು ಸುಳ್ಳೂ ಹೇಳಾಕತ್ತಿಲ್ಲ. ಆ ವಿಷಯ ತಗಿಯೂದ ಬ್ಯಾಡ, ಅಷ್ಟ.”

ಅಶ್ವಿನಿ ಕೊತ್ತಂಬ್ರಿ ಸೋಸ್ಕೋತ ಕುಂತಿದ್ಳು. “ಅವ್ರು ಕೇಳಿದ್ರ?” ಅಂದ್ಳು.

“ಕೇಳಂಗಿಲ್ಲ.”

“ಮದುವಿ ಆದ ಮ್ಯಾಲ ಗೊತ್ತಾದ್ರ?”

“ಆಮ್ಯಾಲಿಂದು ಆಮ್ಯಾಲ. ಹತ್ತು ವರ್ಷ ಆತು ನಿಂತು. ಇಲ್ಲದ್ದನ್ನ ಯಾಕ ಹೇಳಬೇಕು? ನಿನ್ನ ಸಲುವಾಗೇ ಹೇಳಾಕತ್ತೇನಿ ಬೇ.”

“ಇಲ್ಲದ್ದ ಇದ್ರ ಹೇಳಾಕ ಅಂಜಿಕಿ ಯಾಕ, ಮಾಮಾ?” ಅಂದ್ಳು. ಅಕ್ಕ, “ನಿನಗ ಕೈ ಮುಗೀತೇನವ್ವ, ನಾಳೆ ಒಂದಿನ ಬಾಯಿ ಮುಚ್ಚು,” ಅಂದ್ಳು. ಅಶ್ವಿನಿ ಸುಮ್ಮನಾದ್ಳು. ಅಕಿ ಸುಮ್ಮನಾದ್ರ ಅಂಜಬೇಕು ಅನ್ನೂದು ನನಗ ತಿಳೀಬೇಕಿತ್ತು.

ಮರುದಿನ ಹನ್ನೊಂದಕ್ಕ ಅವ್ರು ಬಂದ್ರು. ಹುಡುಗ, ಹುಡುಗನ ಅವ್ವ, ಹುಡುಗನ ಕಾಕಾ. ಕನ್ಯಾ ನೋಡೂದರಾಗ ಸೋದರಮಾವನೇ ಮುಂದ ಕುಂದರಬೇಕು, ಮಾತು ಅವನೇ ತಗೀಬೇಕು. ನಾ ಇಸ್ತ್ರಿ ಅಂಗಿ ಹಾಕ್ಕೊಂಡು ಮಳಿ ಬೆಳಿ, ದ್ರಾಕ್ಷಿ ರೇಟು, ಪೈಪಿನ ಗಾತ್ರ ಎಲ್ಲಾ ಮಾತಾಡಿದೆ. ಕಾಂದಾ ಅವಲಕ್ಕಿ ಬಂತು. ಅಶ್ವಿನಿ ಚಹಾ ತಂದು ಕುಂತ್ಳು. ಹುಡುಗನ ಕಾಕಾ ಅಕಿ ಹೆಸರು ಕೇಳಿದ್ರು, ಗೊತ್ತಿದ್ರೂ. ರೊಟ್ಟಿ ಬಡಿಯಾಕ ಬರ್ತೈತೇನವ್ವ ಅಂದ್ರು, ಬರ್ತೈತ್ರಿ ಅಂದ್ಳು. ಎಲ್ಲಾ ಎಣ್ಣಿ ಹಚ್ಚಿದಂಗ ನಡದಿತ್ತು. ಆಗ ಹುಡುಗ ತಲಿ ಎತ್ತಿ, “ಬಿಡುವಿದ್ದಾಗ ಏನ್ ಮಾಡ್ತೀರಿ?” ಅಂದ.

ಟೇಲರಿಂಗ್ ಅನ್ನು ಅಂತ ಹೇಳಿಕೊಟ್ಟಿದ್ವಿ. ಈಕಿ, “ಕಾರ್ಟೂನ್ ಸಿನಿಮಾ ನೋಡ್ತೇನ್ರಿ. ರಾಜಾ ರಾಣಿವು,” ಅಂದ್ಳು.

ನಾ ಕಣ್ಣು ಮುಚ್ಚಿದೆ. ಹುಡುಗ ನಕ್ಕ. “ನಾನೂ ಭಾಳ ನೋಡ್ತಿದ್ದೇರಿ. ಟಿಕೋಟಾದಾಗ ನಮ್ಮ ಆಯಿ-ಅಜ್ಜನ ಮನ್ಯಾಗ ಇದ್ದು ಸಾಲಿ ಕಲತಾಂವ ನಾ. ಬಸ್ ಸ್ಟ್ಯಾಂಡ್ ಎದರ ಒಂದು ಸಿಡಿ ಅಂಗಡಿ ಇತ್ತು…” ಅಂದಾಂವ ನನ್ನ ಮುಖಾ ನೋಡಿದ. ಚಹಾದ ಬಟ್ಟಲಾ ಕೆಳಗ ಇಟ್ಟ. “ಕಾಕಾ! ನೀವೇ ಅಲ್ರಿ?”

ಅಲ್ಲ ಅನ್ನಾಕ ನನ್ನ ಮೂಗು ಬಿಡ್ಲಿಲ್ಲ. ಒಮ್ಮೆ ನೋಡಿದವ್ರು ಈ ಮೂಗು ಮರಿಯಂಗಿಲ್ಲ.

“ಒಂದು ಸಿನಿಮಾ ಇತ್ತಲ್ರಿ, ಹುಡುಗಿ ಮರ ಆಗಾಕಿ? ಅದರಾಗಿನ ರಾಜಾ ಅಂದ್ರ ನನಗ ಅಷ್ಟ್ ಹಿಡಸ್ತಿದ್ದ,” ಅಂತ ಅಶ್ವಿನಿ ಕಡಿ ತಿರಗಿದ. “ಮಗಳ ಸಲುವಾಗಿ ಮಾಟಗಾರತಿ ಮ್ಯಾಲ ಒಬ್ಬನೇ ಯುದ್ಧಕ್ಕ ಹೋಗ್ತಾನ, ಅಲ್ಲಿಗಿ ಮುಗೀತೈತಿ.”

“ಮುಗಿಯಂಗಿಲ್ರಿ,” ಅಂದ್ಳು ಅಶ್ವಿನಿ. “ಎರಡನೇ ಡಿಸ್ಕ್ ಐತಿ.”

“ಇಲ್ಲಲ್ಲ! ಕಾಕಾ ಅಷ್ಟ ಐತಿ ಅಂದಿದ್ರು.”

“ಎರಡನೇದು ನನ್ನ ಕಡಿ ಇತ್ತು.”

ಹುಡುಗ ನನ್ನ ನೋಡಿದ. ಹನ್ನೆರಡು ವರ್ಷದ ಹುಡುಗ ಮೋಸ ಹೋದಾಗ ನೋಡೂ ನೋಟ ಅದು. ನಾ ಅವಲಕ್ಕಿಯೊಳಗಿನ ಶೇಂಗಾ ಹುಡುಕಾಕತ್ತೆ. ಅಶ್ವಿನಿ ಒಂದೂ ಬಿಡದಂಗ ಉಳದ ಕಥಿ ಹೇಳಿದ್ಳು: ಮಾಟಗಾರತಿ ಇಲ್ಲ, ಮುದುಕಿ ರಾಜಾನ ಅವ್ವ, ಮುಚ್ಚಿಟ್ಟಾಂವ ಅವನೇ. ಹುಡುಗನ ಅವ್ವನೂ ಅವಲಕ್ಕಿ ಬಿಟ್ಟು ಕೇಳಾಕತ್ತಿದ್ರು. “ಹಡದವ್ವನ್ನ?” ಅಂದ್ರು. “ಎಂಥಾ ಹಾಳಾದಾಂವ!”

“ಹಂಗ ಯಾಕ ಮಾಡಿದ ಅಂವ?” ಹುಡುಗಂಗ ಖರೇನ ಬ್ಯಾಸರ ಆಗಿತ್ತು.

“ಜೀವ ಇತ್ತು, ಅದಕ್ಕ ಅಂತಾನ ನಮ್ಮ ಮಾಮಾ. ನಾಚಿಕಿ ಇತ್ತು ಅಂತೇನಿ ನಾ. ನೀವೇನಂತೀರಿ?”

“ಏನರ ಇರಲಿ, ಹೇಳಬೇಕಿತ್ತು,” ಅಂದ ಹುಡುಗ.

ಅಶ್ವಿನಿ ಸೆರಗು ಸರಿ ಮಾಡಿಕೊಂಡು, ರಕ್ತದ ರಿಪೋರ್ಟ್ ಓದೂ ದನಿಯಾಗ ಹೇಳಿದ್ಳು, “ನನಗೂ ಸಣ್ಣಾಕಿದ್ದಾಗ ಫಿಟ್ಸ್ ಬರ್ತಿದ್ವು. ಹತ್ತು ವರ್ಷ ಆತು, ಬಂದಿಲ್ಲ. ಗುಳಗೀನೂ ಇಲ್ಲ. ಆದ್ರ ಇತ್ತು. ಇವ್ರು ಹೇಳಬ್ಯಾಡ ಅಂದಿದ್ರು.”

ಅಕ್ಕ ಬಾಗಲದಾಗ ನಿಂತಾಕಿ ಅಲ್ಲೇ ಕುಂತಬಿಟ್ಳು. ನಾ ಬಾಯಿ ತಗದು, “ಅದೇನ್ ದೊಡ್ಡದಲ್ರಿ, ಮಕ್ಕಳಿಗಿ ಜ್ವರಾ ಬಂದಾಗ ಹಂಗ…” ಅಂತ ಶುರು ಮಾಡಿದೆ. ಇಪ್ಪತ್ತೆಂಟು ವರ್ಷದಾಗ ಮೊದಲನೇ ಸಲ ಅಕ್ಕನ ಗಂಡ ನಡುವ ಮಾತಾಡಿದ್ರು, “ಸಾಕು ಬಿಡು,” ಅಂದ್ರು. ಹುಡುಗನ ಕಾಕಾ ಎದ್ದು ಧೋತ್ರಾ ಝಾಡಿಸಿ, “ಫೋನ್ ಮಾಡಿ ಹೇಳ್ತೇವ್ರಿ,” ಅಂದ್ರು. ಹುಡುಗನ ಅವ್ವ ಹೋಗೂಮುಂದ ಅಶ್ವಿನಿ ಕೈ ಹಿಡದು ಬಿಟ್ರು.

ಗಾಡಿ ಹೋದ ಮ್ಯಾಲ ನಾ ಒದರಾಡಿದ್ದು ಜಲನಗರಕ್ಕೆಲ್ಲಾ ಕೇಳಿರಬೇಕು. “ಕಾರ್ಟೂನ್ ಸಿನಿಮಾ ಹಚ್ಚಿ ಬಾಳೇವು ಹಾಳ ಮಾಡ್ಕೊಂಡಿ! ಯಾರರೆ ಕನ್ಯಾ ನೋಡಾಕ ಬಂದವ್ರ ಮುಂದ ದವಾಖಾನಿ ಚೀಟಿ ಓದ್ತಾರೇನು? ಹುಡುಗ ಒಪ್ಪಿದ್ದ, ಕಣ್ಣಿಗಿ ಕಾಣ್ತಿತ್ತು!”

“ಮಾಮಾ,” ಅಂದ್ಳು ಅಶ್ವಿನಿ, ದನಿ ಏರಸ್ಲಿಲ್ಲ. “ಖರೇ ಹೇಳು. ನನ್ನ ಸಲುವಾಗಿ ಮುಚ್ಚಿಟ್ಟೇನು, ನಿನಗ ನಾಚಿಕಿ ಆಗ್ತೈತಿ ಅಂತ ಮುಚ್ಚಿಟ್ಟೇನು?”

“ಹದಿನಾರು ವರ್ಷ ಬಸ್ಸಿನಾಗ ನಿಂತ ನಿಂತ ಬಂದೇನಿ ನಿನ್ನ ಸಲುವಾಗಿ! ಇದನ್ನ ಕೇಳಾಕ ಬಂದೇನೇನು?” ಅಂದು ಚಪ್ಪಲಿ ಮೆಟ್ಟಿಕೊಂಡು ಹೊಂಟಬಿಟ್ಟೆ. ಬಸ್ಸಿನಾಗ ಟಿಕೋಟಾತನಕ ಅಕಿನ್ನ ಬೈದೆ, ಆ ಹುಡುಗನ್ನ ಬೈದೆ, ಆ ಸಿನಿಮಾ ಮಾಡಿದವ್ರನ್ನ ಬೈದೆ. ಊರು ಬಂದ ಮ್ಯಾಲ ನೋಡ್ತೇನಿ, ಕಾಲಾಗ ಒಂದು ಚಪ್ಪಲಿ ನಂದು, ಇನ್ನೊಂದು ಅಕ್ಕನ ಗಂಡಂದು.

ಎಂಟು ದಿನಕ್ಕ ಬಬಲೇಶ್ವರದಿಂದ ಅಕ್ಕಗ ಫೋನ್ ಬಂತು. ಹುಡುಗನ ಅವ್ವ ಭಾಳ ಮೆತ್ತಗ ಮಾತಾಡಿದ್ರಂತ. “ಹುಡುಗಿ ಬಂಗಾರ ಅದಾಳ್ರಿ. ಆದ್ರ ಏನ್ ಮಾಡೂದು, ಜಾತಕ ಕೂಡಲಿಲ್ಲ.”

ಜಾತಕ! ನಾವು ಜಾತಕ ಕೊಟ್ಟ ಇರಲಿಲ್ಲ! ನಮ್ಮ ಮನ್ಯಾಗ ಜಾತಕ ಅನ್ನೂದ ಇಲ್ಲ, ಅಶ್ವಿನಿ ಹುಟ್ಟಿದ ಹೊತ್ತು ಯಾರೂ ಬರದಿಟ್ಟಿಲ್ಲ. ಇಲ್ಲದ ಜಾತಕ ಹೆಂಗ ಕೂಡಲಿಲ್ಲ ರೀ? ಆ ಐತವಾರ ನಾ ಜಲನಗರಕ್ಕ ಹೋಗಿ ಹೊಸಲಾದಾಗ ನಿಂತಾಂವನ ಶುರು ಮಾಡಿದೆ, “ಸುಳ್ಳರು! ಒಲ್ಲೆ ಅಂದ್ರ ಒಲ್ಲೆ ಅನಬೇಕು. ಇಷ್ಟ ದೊಡ್ಡ ಸುಳ್ಳ ಯಾಕ ಹೇಳಬೇಕು?”

ಅಕ್ಕ ಒಳಗ ಮಲಗಿದ್ಳು, ಅಂದು ಎದ್ದಿರಲೇ ಇಲ್ಲಂತ. ಅಶ್ವಿನಿ ಪಡಸಾಲ್ಯಾಗ ಮೊರದಾಗ ಶೇಂಗಾ ಹಾಕ್ಕೊಂಡು ಸುಲಿಯಾಕತ್ತಿದ್ಳು. ಕಣ್ಣು ಬಾತಿದ್ವು. ಹುಡುಗ ಅಕಿಗೂ ಹಿಡಿಸಿದ್ದ ಅನ್ನೂದು ಆಗ ನನಗ ತಿಳೀತು.

“ನಮಗ ಬ್ಯಾಸರ ಆಗಬಾರ್ದು ಅಂತ ಹೇಳ್ಯಾರ ಮಾಮಾ,” ಅಂದ್ಳು. “ಆ ಹುಡುಗನ ಅವ್ವನೂ ಒಳ್ಳ್ಯಾಕೀನ. ಬೈಬ್ಯಾಡ.”

ನಾ ಕುಂತೆ. ಬೈಯಾಕ ಯಾರೂ ಉಳೀಲಿಲ್ಲ. ಒಂದೆರಡು ಶೇಂಗಾ ಸುಲದೆ, 
ಬೀಜ ಸಿಪ್ಪಿಯೊಳಗ, ಸಿಪ್ಪಿ ಬೀಜದೊಳಗ ಹಾಕಿದೆ. ಅಕಿ ಅವತ್ತು ಕೇಳಿದ್ದಕ್ಕ ನಾ ಉತ್ತರ ಕೊಟ್ಟಿರಲಿಲ್ಲ, ಚಪ್ಪಲಿ ಮೆಟ್ಟಿ ಓಡಿ ಹೋಗಿದ್ದೆ.

“ನಾಚಿಕಿ ಆಗಿತ್ತವ್ವ,” ಅಂದೆ.

ಅಕಿ ಕೈ ನಿಂತ್ವು.

“ನಿನಗ ಹತ್ತು ವರ್ಷ. ಟಿಕೋಟಾದಾಗ ನನ್ನ ಗೆಳೆಯಾನ ತಂಗಿ ಮದುವಿ ಇತ್ತು, ನಿನ್ನ ಕರಕೊಂಡು ಹೋಗಿದ್ದೆ. ಊಟದ ಪಂಕ್ತ್ಯಾಗ ನಿನಗ ಮೂರ್ಛಿ ಬಂತು. ಮಂದಿ ಎಲ್ಲಾ ಎಲಿ ಬಿಟ್ಟ ಎದ್ದ ನಿಂತ್ರು. ಒಬ್ಬ ಹಿರ್ಯಾಂವ, ಯಾರ ಹುಡುಗಿ ಇದು, ನಿಮ್ಮಾಕಿ ಏನು ಅಂತ ನನ್ನ ಕೇಳಿದ.” ಐವತ್ತಾರು ವರ್ಷದ ಮನಶ್ಯಾ ಅಳಬಾರ್ದು, ಅತ್ತೆ. “ಅಲ್ಲ ಅಂದೆ. ನಮ್ಮಾಕಿ ಅಲ್ಲ, ಗುರ್ತಿನವ್ರ ಹುಡುಗಿ ಅಂದೆ. ನಿನ್ನ ತಲಿ ನನ್ನ ತೊಡಿ ಮ್ಯಾಲ ಇತ್ತು, ಹಂಗ ಅಂದೆ. ಅದರ ಮುಂದಿನ ಐತವಾರದಿಂದ ನಾ ಸಿಡಿ ತರಾಕ ಹತ್ತಿದ್ದು. ಮಂದಿ ಎಂಥಾ ಸೋದರಮಾವ ಅಂದಾಗೆಲ್ಲಾ ನನಗ ಚುಚ್ತಿತ್ತು. ಇದು ನಿಮ್ಮವ್ವಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.”

ಅಶ್ವಿನಿ ನನ್ನ ಮುಂದಿನ ಶೇಂಗಾ ಸಿಪ್ಪಿ ತನ್ನ ಕಡಿ ಎಳಕೊಂಡು, ಅದರಾಗ ಬಿದ್ದ ಬೀಜ ಆರಿಸ್ಕೋತ ಅಂದ್ಳು:

“ನನಗ ಗೊತ್ತೈತಿ ಮಾಮಾ. ಮೂರ್ಛಿ ಇಳಿಯೂಮುಂದ ಕಣ್ಣು ತಗಿಯಾಕ ಬರ್ತಿದ್ದಿಲ್ಲ, ಕಿವಿ ಮೊದಲ ಕೇಳಸ್ತಿದ್ವು.”

ನಾ ತಲಿ ಎತ್ತಿ ಅಕಿ ಮುಖಾ ನೋಡಿದೆ.

“ಹಂಗಾದ್ರ ಹದಿನಾರು ವರ್ಷ ಒಂದ ಸಲಾನೂ ಯಾಕ ಕೇಳ್ಲಿಲ್ಲವ್ವ, ಯಾಕ ಹಂಗ ಅಂದಿ ಮಾಮಾ ಅಂತ?”

“ಪ್ರತಿ ಐತವಾರ ಕೇಳೇನಲ್ಲ,” ಅಂದ್ಳು.